ಶಿಯರ್ ಒಂದೇ ಆದರೆ ಸೂತ್ರ ಮೂರು ಯಾಕೆ?

ಕೇಳಿದ್ದು: ಡೈರೆಕ್ಟ್ ಶಿಯರ್, ಬೀಮಿನ (ತೊಲೆಯ) ಶಿಯರ್, ಟಾರ್ಷನ್ (ತಿರುಚು) ಶಿಯರ್ ಮೂರಕ್ಕೂ ಬೇರೆ ಬೇರೆ ಸೂತ್ರ. ಲೆಕ್ಕ ಮಾಡಲು ಬರುತ್ತದೆ, ಆದರೆ ಯಾವಾಗ ಯಾವುದು ಅಂತ ಹೊಳೆಯುವುದಿಲ್ಲ. ನಿಮಗೆ ಹೇಗೆ ತಲೆಗೆ ಹತ್ತಿತು?

— ಮೂರು ಬೇರೆ ವಸ್ತು ಅಂದುಕೊಂಡೇ ನಾನೂ ಎರಡು ವರ್ಷ ಒದ್ದಾಡಿದೆ. ಶಿಯರ್ ಸ್ಟ್ರೆಸ್ ಒಂದೇ: ಒಂದು ಪದರವನ್ನು ಪಕ್ಕದ ಪದರದ ಮೇಲೆ ಜಾರಿಸಲು ನೋಡುವ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಬೇರೆಯಾಗುವುದು ಅದು ಅಡ್ಡಕೊಯ್ತದಲ್ಲಿ ಹರಡಿಕೊಳ್ಳುವ ರೀತಿ. ಎರಡು ಪ್ಲೇಟ್ ಹಿಡಿದಿರುವ ಬೋಲ್ಟಿಗೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸಾಕು. ಅದು ಬರೀ ಸರಾಸರಿ, ಒಳಗೆ ಎಲ್ಲೆಡೆ ಅಷ್ಟೇ ಇರುವುದಿಲ್ಲ. ಮೂರು ಪ್ಲೇಟ್ ಇದ್ದರೆ ಬೋಲ್ಟ್ ಎರಡು ಕಡೆ ತುಂಡಾಗಬೇಕು, ಬಲ ಎರಡಕ್ಕೂ ಹಂಚಿಹೋಗುತ್ತದೆ, ಅದೇ ಡಬಲ್ ಶಿಯರ್. ಪರೀಕ್ಷೆಯಲ್ಲಿ ಇದನ್ನು ಮರೆತು ಸ್ಟ್ರೆಸ್ಸನ್ನು ಎರಡು ಪಟ್ಟು ಬರೆದು ಬಂದಿದ್ದೆ.

— ಬೀಮಿಗೆ ಒಂದು ದಪ್ಪ ನೋಟ್‌ಬುಕ್ ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ಎರಡೂ ತುದಿಗೆ ಬಿಗಿಯಾಗಿ ಕ್ಲಿಪ್ ಹಾಕಿ ಮತ್ತೆ ಬಗ್ಗಿಸಿ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗಟ್ಟಿ ಬೀಮಿನೊಳಗೆ ಆ ಜಾರುವಿಕೆಯನ್ನು ತಡೆಯುವುದೇ ಶಿಯರ್. ಮೇಲಿನ ಹಾಳೆಯ ಮೇಲೆ ಇನ್ನೊಂದು ಹಾಳೆ ಇಲ್ಲ, ಅದನ್ನು ಜಾರಿಸುವವರೂ ಇಲ್ಲ. ಅದಕ್ಕೇ ಮೇಲ್ಮೈಯಲ್ಲಿ ಶಿಯರ್ ಸೊನ್ನೆ. ನಡುವೆ ಜಾಸ್ತಿ: ಆಯತಕ್ಕೆ ಸರಾಸರಿಯ 1.5 ಪಟ್ಟು, ವೃತ್ತಕ್ಕೆ 4/3 ಪಟ್ಟು. ಬಗ್ಗಿದಾಗ ಬರುವ ಎಳೆತ-ಒತ್ತಡ, ಅಂದರೆ ಬೆಂಡಿಂಗ್ ಸ್ಟ್ರೆಸ್, ಇದಕ್ಕೆ ಪೂರಾ ಉಲ್ಟಾ: ನಡುವೆ ಸೊನ್ನೆ, ಮೇಲೆ ಕೆಳಗೆ ಜಾಸ್ತಿ. ಬೀಮಿನ ಶಿಯರ್ ಸೂತ್ರ ಹುಟ್ಟಿದ್ದು ಮರದಿಂದ. ರಷ್ಯಾದ ಎಂಜಿನಿಯರ್ ಝುರಾವ್‌ಸ್ಕಿ 19ನೇ ಶತಮಾನದ ನಡುವೆ ರೈಲುಹಾದಿಗೆ ಮರದ ಸೇತುವೆ ಕಟ್ಟುತ್ತಿದ್ದರು. ಮರ ನಾರಿನ ಉದ್ದಕ್ಕೂ ಸುಲಭವಾಗಿ ಸೀಳುತ್ತದೆ, ಅಲ್ವಾ? ಆ ಉದ್ದುದ್ದ ಶಿಯರನ್ನು ಲೆಕ್ಕ ಹಾಕದೆ ಅವರಿಗೆ ಗತಿ ಇರಲಿಲ್ಲ.

— ಟಾರ್ಷನ್ ಅರ್ಥವಾಗಲು ನನಗೆ ಚಾಕ್‌ಪೀಸ್ ಸಾಕಾಯಿತು. ತಿರುಚಿ ಮುರಿಯಿರಿ, ಸುಮಾರು 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಮುರಿಯುತ್ತದೆ. ಮೆದು ಉಕ್ಕಿನ ಸರಳು ಹಾಗಲ್ಲ, ಕತ್ತರಿಸಿದ ಹಾಗೆ ಅಡ್ಡಕ್ಕೆ ಸಪಾಟಾಗಿ ತುಂಡಾಗುತ್ತದೆ. ಕೊಟ್ಟ ತಿರುಚು ಒಂದೇ. ಆದರೆ ಅಡ್ಡ ಮುಖದಲ್ಲಿ ಶಿಯರ್ ಇದ್ದಷ್ಟೇ ಎಳೆತ 45 ಡಿಗ್ರಿ ಓರೆಯಲ್ಲಿ ಇರುತ್ತದೆ. ಚಾಕ್ ಎಳೆತಕ್ಕೆ ಸೋಲುತ್ತದೆ, ಉಕ್ಕು ಶಿಯರಿಗೆ. ಬರೀ ಎಳೆದ ಸರಳಿನಲ್ಲೂ ಅದೇ ಓರೆಯಲ್ಲಿ ಎಳೆತದ ಅರ್ಧದಷ್ಟು ಶಿಯರ್ ಅಡಗಿರುತ್ತದೆ. ಇದು ಗೊತ್ತಾದ ಮೇಲೆ ‘ಶಿಯರ್ ಲೋಡ್’ ಅನ್ನುವ ಮಾತಿನ ಮೇಲೇ ನನಗೆ ನಂಬಿಕೆ ಹೋಯಿತು.

— ಸ್ಟ್ರೇನ್, ಅಂದರೆ ಆಕಾರ ಬದಲಾದ ಪ್ರಮಾಣದ ಬಗ್ಗೆ ಒಂದೇ ಮಾತು. ಕೋನ ಬದಲಾದಷ್ಟು ಗಾಮಾ, ಅದೇ ಶಿಯರ್ ಸ್ಟ್ರೇನ್. ಎಲ್ಲ ದಿಕ್ಕಿನ ಸ್ಟ್ರೇನನ್ನು ಒಟ್ಟಿಗೆ ಬರೆಯುವ ಕೋಷ್ಟಕವಾದ ಟೆನ್ಸರ್‌ನಲ್ಲಿ ಕೂರುವುದು ಅದರ ಅರ್ಧ. ಸಾಫ್ಟ್‌ವೇರ್ ಯಾವುದನ್ನು ತೋರಿಸುತ್ತಿದೆ ಅಂತ ನೋಡದೆ ನಾನು ಸುಮ್ನೆ ಒಂದು ದಿನ ಹಾಳು ಮಾಡಿಕೊಂಡೆ.

ಕೇಳಿದವರು ಮತ್ತೆ: ಹಾಗಾದರೆ ತಿರುಗುವ ಷಾಫ್ಟಿನ ಮೇಲೆ ಪುಲ್ಲಿಯ ಭಾರವೂ ಇದ್ದರೆ?

— ಆಗ ಬಿಂದು ಹಿಡಿದು ನೋಡಿ. ಭಾರ ಕೆಳಕ್ಕೆ ಎಳೆಯುತ್ತಿದ್ದರೆ ಷಾಫ್ಟಿನ ಒಂದು ಪಕ್ಕದಲ್ಲಿ ಭಾರದ್ದು, ತಿರುಚಿನದು ಎರಡೂ ಶಿಯರ್ ಕೂಡುತ್ತವೆ, ಎದುರು ಪಕ್ಕದಲ್ಲಿ ಕಳೆಯುತ್ತವೆ. ಮೇಲೆ, ಕೆಳಗೆ ಭಾರದ ಶಿಯರ್ ಸೊನ್ನೆ. ಅಲ್ಲಿ ಟಾರ್ಷನ್ ಜೊತೆ ಬೆಂಡಿಂಗ್ ಇರುತ್ತದೆ. ಷಾಫ್ಟ್ ಉದ್ದವಾಗಿದ್ದರೆ ಸಾಮಾನ್ಯವಾಗಿ ಮೊದಲು ಸೋಲುವ ಜಾಗ ಅದೇ.