ಪಾಸು ಸಿಗದಿದ್ದರೆ ಏನೂ ಇಲ್ಲ ಎಂದವರು ಯಾರು?

ನಮ್ಮ ‘ಅಜ್ಜನಮನೆ’ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆಂಟು ಜನ. ಅರ್ಧ ಶಿರಸಿ ಕಡೆಯವರು, ಉಳಿದವರು ಕುಮಟಾ, ಹೊನ್ನಾವರ, ಕಾರವಾರದವರು, ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದ ಮಕ್ಕಳು ಆರೇಳು. ಬೆಳಿಗ್ಗೆ ದೇವರ ಫೋಟೊ, ಮಧ್ಯಾಹ್ನ ಅಡಿಕೆ ಧಾರಣೆ, ರಾತ್ರಿ ಯಾರದಾದರೂ ಮೊಮ್ಮಗುವಿನ ವಿಡಿಯೊ. ಕಳೆದ ಗುರುವಾರ ಬೆಳಿಗ್ಗೆ ಏಳೂವರೆಗೆ ಹೊನ್ನಾವರದ ಅತ್ತೆ ಒಂದು ಫಾರ್ವರ್ಡ್ ಹಾಕಿದರು. ರೈಲಿನ ಬಾಗಿಲಿಗೆ ಜೋತುಬಿದ್ದವರ ಚಿತ್ರ, ಕೆಳಗೆ ಕೆಂಪಕ್ಷರ:

“ಎಚ್ಚರ! ಲೋಕಲ್ ರೈಲಿನಿಂದ ಬಿದ್ದು ಸತ್ತರೆ ಇನ್ನು ನಯಾಪೈಸೆ ಪರಿಹಾರ ಇಲ್ಲ. ಬಾಗಿಲಲ್ಲಿ ನಿಂತವರದ್ದೇ ತಪ್ಪು. ಮೈಮೇಲೆ ಪಾಸು ಸಿಗದಿದ್ದರೆ ಟಿಕೆಟ್ ಇಲ್ಲದವರೆಂದೇ ಲೆಕ್ಕ. ಮುಂಬೈಯಲ್ಲಿ ಮಕ್ಕಳಿರುವ ಎಲ್ಲ ತಂದೆತಾಯಿಗೂ ಕಳಿಸಿ.”

ಅತ್ತೆ ಹಾಕಿದ್ದು ನನಗಾಗಿಯೇ. ನನ್ನ ಮಗಳು ಹೋದ ವರ್ಷದಿಂದ ಮುಂಬೈಯಲ್ಲಿದ್ದಾಳೆ. ಥಾಣೆಯಿಂದಾಚೆ ಬಾಡಿಗೆ ಖೋಲಿ, ಕೆಲಸ ದಾದರಿನ ಹತ್ತಿರ, ದಿನಾ ಲೋಕಲ್. “ಕೂಸಿಗೆ ಬಾಗಲ ಹತ್ರ ನಿಲ್ಲಡ ಹೇಳು” ಎಂದು ಕೆಳಗೆ ಬರೆದಿದ್ದರು. ಪ್ರೀತಿಯ ಮಾತು. ನನಗೆ ಮಾತ್ರ ಆ ಪಾಸಿನ ಸಾಲು ದಾಟಿ ಮುಂದೆ ಓದಲಾಗಲಿಲ್ಲ. ಇದೇ ಮಾತನ್ನು ನಮ್ಮ ಮನೆಯ ಜಗುಲಿಯಲ್ಲಿ ಒಮ್ಮೆ ಕೇಳಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಬಂದವನು ಬೆಂಗಳೂರಿನ ಅಣ್ಣ, ದೊಡ್ಡಪ್ಪನ ಮಗ. “ಮೂಲ ಎಲ್ಲಿ? ಯಾವ ಕೋರ್ಟು, ಯಾವ ತಾರೀಕು? ಓದದೇ ಕಳಿಸಬೇಡಿ ಅಂತ ಎಷ್ಟು ಸಲ ಹೇಳುವುದು?”

ಅತ್ತೆಗೆ ಸಿಟ್ಟು ಬಂತು. “ನಾನು ಏನು ಹಾಕಿದರೂ ನಿಮ್ಮನೆಯವರಿಗೆ ತಪ್ಪೇ ಕಾಣುವುದು. ಅವತ್ತು ಮದುವೆಗೆ ಬಂದವಳು ಕುಮಟಾ ಸ್ಟೇಷನ್ನಿನಲ್ಲಿ ರಾತ್ರಿ ಎರಡು ತಾಸು ಒಬ್ಬಳೇ ಕೂತಿದ್ದೆ. ಕರೆಯಲು ಒಂದು ನರಪಿಳ್ಳೆ ಬರಲಿಲ್ಲ. ಅದಕ್ಕೆ ಮೂಲ ಬೇಕಾ?”

“ಅತ್ತೇ, ರೈಲು ಬೇಗ ಬಂದಿತ್ತು. ನಾನು ಬೈಕು ತಗೊಂಡು ಬಂದಿದ್ದೆ, ನೀವು ಆಟೋ ಹತ್ತಿ ಹೋಗಿದ್ದಿರಿ.”

“ನಮ್ಮ ಕಡೆ ರೈಲು ಬೇಗ ಬಂದದ್ದು ಯಾವ ಕಾಲದಲ್ಲಿ?”

ಆ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಇಬ್ಬರಿಗೂ ಆ ರಾತ್ರಿ ಇನ್ನೂ ಹಸಿಯಾಗಿಯೇ ಇದೆ.

ಒಂಬತ್ತರ ಸುಮಾರಿಗೆ ದೊಡ್ಡಪ್ಪ ಬರೆದರು. ನಿವೃತ್ತ ಮಾಸ್ತರರು. ಒಂದೊಂದೇ ಅಕ್ಷರ ಒತ್ತಿ, ಪೂರ್ಣವಿರಾಮ ಸಮೇತ ಬರೆಯುವವರು. “ತಾಳಿದವನು ಬಾಳಿಯಾನು. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಹತ್ತಿದರೆ ಯಾರ ಗಂಟು ಹೋಗುತ್ತದೆ? ಈಗಿನವರಿಗೆ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಹುಚ್ಚು. ತಪ್ಪು ತಮ್ಮದಿಟ್ಟುಕೊಂಡು ಸರ್ಕಾರವನ್ನು ಬೈಯುವುದು.” ಹನ್ನೊಂದು ಜನ ಕೈಮುಗಿದ ಗುರುತು ಒತ್ತಿದರು.

ನನಗೆ ಸುಮ್ಮನಿರಲು ಆಗಲಿಲ್ಲ. ಮುಂಬೈ ಲೋಕಲಿನಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಓಡಾಡುತ್ತಾರೆ. ಬೆಳಗಿನ ಹೊತ್ತು ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆ. ನಮ್ಮ ದೇವರ ಕೋಣೆಯಷ್ಟು ಜಾಗ ಕೂಡ ಅಲ್ಲ, ಅದರ ಕಾಲುಭಾಗ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ತಿರುವಿನಲ್ಲಿ ಎರಡು ಲೋಕಲ್ ಎದುರುಬದುರಾದಾಗ ಬಾಗಿಲಲ್ಲಿದ್ದವರು ಕೆಳಗೆ ಬಿದ್ದರು, ಕನಿಷ್ಠ ನಾಲ್ವರು ಸತ್ತರು. ಕೆಲಸಕ್ಕೆ ಹೋಗುವ ಹೊತ್ತು ಅದು, ಫೋಟೊ ತೆಗೆಸಿಕೊಳ್ಳುವ ಹೊತ್ತಲ್ಲ. ಅದಾದ ಮೇಲೆಯೇ ರೈಲ್ವೆಯವರು ಹೊಸ ಲೋಕಲ್‌ಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಎಂದದ್ದು. ಇಷ್ಟನ್ನೂ ಬರೆದು ಹಾಕಿದೆ.

“ಹಾಗಾದರೆ ಇಷ್ಟು ವರ್ಷ ಬಾಗಿಲು ಯಾಕೆ ಮುಚ್ಚಲಿಲ್ಲ? ಸಾಮಾನ್ಯ ಬುದ್ಧಿ ಬೇಡವಾ?” ಎಂದು ಕೇಳಿದ ಶಿರಸಿಯ ತಮ್ಮ.

ಒಳ್ಳೆಯ ಪ್ರಶ್ನೆ. ಎ.ಸಿ. ಇಲ್ಲದ ಡಬ್ಬದಲ್ಲಿ ಅಷ್ಟು ಜನರನ್ನು ತುಂಬಿ ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ. ಗಾಳಿ ಬರುತ್ತಿದ್ದದ್ದೇ ಬಾಗಿಲಿಂದ. ಎ.ಸಿ. ಲೋಕಲ್ ಶುರುವಾದದ್ದು 2017ರ ಡಿಸೆಂಬರ್ 25ಕ್ಕೆ, ಅದರ ಬಾಗಿಲು ತಾನಾಗಿ ಮುಚ್ಚುತ್ತದೆ. ಹೆಚ್ಚಿನವರು ಹತ್ತುವುದು ಈಗಲೂ ಸಾದಾ ಲೋಕಲ್ಲೇ. ಹೊಸ ಸಾದಾ ಡಬ್ಬಗಳಿಗೆ ಗಾಳಿಕಂಡಿಯ ಬಾಗಿಲು, ಚಾವಣಿಯಿಂದ ಒಳಗೆ ಗಾಳಿ ತಳ್ಳುವ ಯಂತ್ರ, ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ, ಈ ಮೂರನ್ನೂ ಮಾಡುತ್ತೇವೆ ಎಂದಿದ್ದಾರೆ. ಉತ್ತರ ಬರೆದು ಮುಗಿಸುವಷ್ಟರಲ್ಲಿ ತಮ್ಮ ಇನ್ನೊಂದು ಹಾಕಿದ್ದ: “ನಮ್ಮ ಶಿರಸಿಗೆ ರೈಲೇ ಇಲ್ಲ, ನಿಮಗೆ ಬಾಗಿಲಿನ ಚಿಂತೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಏನಾಯ್ತು, ಅದನ್ನು ಮೊದಲು ಕೇಳಿ.” ಕಾಡು ಉಳಿಯಬೇಕು ಎನ್ನುವವರು, ರೈಲು ಬರಬೇಕು ಎನ್ನುವವರು ಎಂದು ಅರ್ಧ ತಾಸು ಗುಂಪು ಎರಡು ಪಾಲಾಯಿತು.

ಊಟದ ಹೊತ್ತಿಗೆ ಮಗಳು ಬರೆದಳು. ಈ ಗುಂಪಿನಲ್ಲಿ ಅವಳು ಬರೆಯುವುದೇ ಕಡಿಮೆ.

“ದೊಡ್ಡಜ್ಜ, ಬಾಗಿಲಲ್ಲಿ ನಿಲ್ಲಬೇಕು ಅಂತ ಯಾರೂ ನಿಲ್ಲುವುದಿಲ್ಲ. ಒಳಗೆ ಹೋಗಲು ಆಗದೆ ಅಲ್ಲಿ ಉಳಿದುಬಿಡುತ್ತೇವೆ. ಎಂಟರ ಮೇಲಿನ ಫಾಸ್ಟ್ ಹಿಂದಿನಿಂದಲೇ ತುಂಬಿ ಬರುತ್ತದೆ. ಒಂದು ಬಿಟ್ಟು ಇನ್ನೊಂದು ನೋಡಿದೆ, ಅದೂ ಹಾಗೇ. ಮೂರನೆಯದಕ್ಕೆ ಹತ್ತಿದರೆ ಅರ್ಧ ದಿನದ ಸಂಬಳ ಕಟ್. ಲೇಡೀಸ್ ಡಬ್ಬದಲ್ಲಿ ಬಾಗಿಲ ನಡುವಿನ ಕಂಬ ಕೈಗೆ ಸಿಕ್ಕರೆ ಆ ದಿನ ಸಲೀಸು. ಬ್ಯಾಗು ಎದೆ ಮೇಲೆ. ಮೊನ್ನೆ ಹತ್ತುವಾಗ ಒಂದು ಚಪ್ಪಲಿ ಸಂದಿನಲ್ಲಿ ಬಿತ್ತು. ಬಗ್ಗಿ ನೋಡಲು ಹೋದೆ, ಹಿಂದಿದ್ದ ಹೆಂಗಸು ತೋಳು ಹಿಡಿದು ಎಳೆದರು. ದಾದರಿನಲ್ಲಿ ಬರಿಗಾಲಲ್ಲಿ ಇಳಿದೆ.”

ಚಪ್ಪಲಿಯ ಸುದ್ದಿ ನನಗೇ ಗೊತ್ತಿರಲಿಲ್ಲ. ದಿನಾ ರಾತ್ರಿ ಫೋನು ಮಾಡುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತೇನೆ, ಆಯ್ತು ಎನ್ನುತ್ತಾಳೆ. ಒಲೆ ಮೇಲೆ ಸಾರು ಉಕ್ಕುತ್ತಿತ್ತು. ಆರಿಸುವುದನ್ನೂ ಮರೆತು ಅದನ್ನೇ ಮತ್ತೆ ಮತ್ತೆ ಓದಿದೆ. ಆ ಹೆಂಗಸು ಯಾರೋ ಏನೋ, ಅವರ ಕೈ ತಣ್ಣಗಿರಲಿ.

ಯಾರಾದರೂ ಮಗಳಿಗೆ ಏನಾದರೂ ಹೇಳುತ್ತಾರೆ ಎಂದು ಕಾದೆ. ಬಂದದ್ದು ಕಾರವಾರದ ಭಾವನ ಸಂದೇಶ. “ಲೋಕಲ್ ಬಿಡಿ, ನಮ್ಮ ಮೊದಲ ರೈಲು ನೆನಪಿದೆಯಾ? 1998, ಕೊಂಕಣ ರೈಲು ಪೂರ್ತಿ ಶುರುವಾದ ವರ್ಷ. ಹೊನ್ನಾವರದ ಶರಾವತಿ ಸೇತುವೆ ಬಂದ ಕೂಡಲೇ ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಹೊಳೆಗೆ ಎಸೆದಿದ್ದರು!” ಅಲ್ಲಿಂದ ಹೊರಟದ್ದು ನಿಲ್ಲಲೇ ಇಲ್ಲ. ಸೇತುವೆ ಎರಡು ಕಿಲೋಮೀಟರಿಗೂ ಉದ್ದ ಎಂದು ಒಬ್ಬರು, ಅಪ್ಪೆಮಿಡಿಯ ಭರಣಿ ಸೀಟಿನ ಕೆಳಗೆ ಮಗುಚಿ ಡಬ್ಬವೆಲ್ಲ ಘಮಘಮ ಎಂದದ್ದು ಇನ್ನೊಬ್ಬರು. ದೊಡ್ಡಪ್ಪ ಮಾತ್ರ 2003ರ ಜೂನ್ 22ನ್ನು ನೆನಪಿಸಿದರು. ಕಾರವಾರದಿಂದ ಮುಂಬೈಗೆ ಹೊರಟ ರೈಲು ವೈಭವವಾಡಿ ಹತ್ತಿರ ಗುಡ್ಡದ ಕಲ್ಲುಮಣ್ಣಿಗೆ ಹಳಿ ತಪ್ಪಿ 50ಕ್ಕೂ ಹೆಚ್ಚು ಜನ ಹೋದ ರಾತ್ರಿ ಅದು. ನಮ್ಮ ಕರಾವಳಿಯಲ್ಲಿ ಅದನ್ನು ಮರೆತ ಮನೆ ಇಲ್ಲ. ಮಳೆಗಾಲಕ್ಕೆ ರೈಲುಗಳ ವೇಗ ಇಳಿಸಿ, ಬೇರೆ ವೇಳಾಪಟ್ಟಿಯಲ್ಲಿ ಓಡಿಸುವುದು ಇಂಥ ಅಪಾಯಕ್ಕೆ ಹೆದರಿಯೇ. ಎಚ್ಚರ ವಹಿಸಬೇಕೆಂದು ಮನಸ್ಸು ಮಾಡಿದರೆ ವಹಿಸಲಾಗುತ್ತದೆ.

ಅಜ್ಜಿಯ ನಾಲ್ಕಾಣೆ ನನಗೂ ಇಷ್ಟ. ಆದರೆ ಬರಿಗಾಲಲ್ಲಿ ಇಳಿದ ಹುಡುಗಿಯ ಮಾತಿನ ಮೇಲೆ ಹದಿನೇಳು ಸಂದೇಶ ಬಿದ್ದು, ಅದು ಪರದೆಯಿಂದ ಮೇಲಕ್ಕೆ ಸರಿದು ಹೋದದ್ದು ಹೊಟ್ಟೆಗೆ ಚುಚ್ಚಿತು.

ಸಂಜೆ ಕೂತು ಉದ್ದಕ್ಕೆ ಬರೆದೆ. ಅತ್ತೆಯ ಫಾರ್ವರ್ಡ್ ಸುಳ್ಳು. ಲೋಕಲ್ ಆಗಲಿ, ದೂರದ ಗಾಡಿಯಾಗಲಿ, ಪ್ರಯಾಣಿಕರು ಆಕಸ್ಮಿಕವಾಗಿ ಬಿದ್ದರೆ ರೈಲ್ವೆ ಕಾಯ್ದೆಯ 124ಎ ಕಲಮಿನಲ್ಲಿ ಪರಿಹಾರ ಇದೆ, ರೈಲ್ವೆಯ ತಪ್ಪು ಇತ್ತೆಂದು ನಾವು ತೋರಿಸಬೇಕಾಗಿಲ್ಲ. ಸಾವಿಗೆ 8 ಲಕ್ಷ, 2017ರ ಜನವರಿಗಿಂತ ಮೊದಲು 4 ಲಕ್ಷ. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಅಪರಾಧ, ಕುಡಿತ, ಬುದ್ಧಿಭ್ರಮಣೆ, ಕಾಯಿಲೆ, ಇವಕ್ಕೆ ಮಾತ್ರ ಇಲ್ಲ. ಹತ್ತುವಾಗ ಇಳಿಯುವಾಗ ಬಿದ್ದದ್ದಕ್ಕೂ ಇದೆ, ಬರೀ ಅಜಾಗರೂಕತೆ ಬೇಕೆಂದೇ ಮಾಡಿಕೊಂಡ ಗಾಯ ಆಗುವುದಿಲ್ಲ ಎಂದು 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೈಮೇಲೆ ಟಿಕೆಟ್ ಸಿಗಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಮನೆಯವರು ಗೊತ್ತಿದ್ದ ಸಂಗತಿಯನ್ನು ಅಫಿಡವಿಟ್ ಮಾಡಿ ಕೊಟ್ಟರೆ, ಅಲ್ಲ ಎಂದು ತೋರಿಸುವ ಹೊಣೆ ಆಮೇಲೆ ರೈಲ್ವೆಯದ್ದು. ಇಂಥ ಪರಿಹಾರದ ಅರ್ಜಿ ಕೇಳುವ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಬಹುದು. ಬೆಂಗಳೂರಿನಲ್ಲೂ ಅದರ ಪೀಠ ಇದೆ.

ಅಣ್ಣ ಕೂಡಲೇ ಕೇಳಿದ, “ತೀರ್ಪಿನ ತಾರೀಕು?” 2018ರ ಮೇ 9 ಎಂದೆ. ಅರ್ಧ ತಾಸು ಬಿಟ್ಟು ಬಂದ. “ನೋಡಿದೆ. ಇವಳು ಹೇಳಿದ್ದು ಸರಿ.” ಅತ್ತೆ ಬರೆದರು, “ನಾನು ಹಾಕಿದ್ದಕ್ಕೇ ಅಲ್ಲವಾ ಇಷ್ಟು ಗೊತ್ತಾದದ್ದು?” ಅದೂ ಸರಿಯೇ.

ಆಮೇಲೆ ಭಾವ ಒಂದು ಸಾಲು ಹಾಕಿದ. ಯೋಚಿಸಿ ಹಾಕಿದನೋ, ಕೈತಪ್ಪಿಯೋ ಗೊತ್ತಿಲ್ಲ. “ಹಾಗಾದರೆ ಅಪ್ಪಚ್ಚಿದಕ್ಕೆ ಯಾಕೆ ಅರ್ಜಿ ಹಾಕಲಿಲ್ಲ? ಪಾಸು ಸಿಗದಿದ್ದರೆ ಏನೂ ಇಲ್ಲ ಅಂದವರು ಯಾರು?”

ಗುಂಪು ಗಕ್ಕನೆ ನಿಂತಿತು.

ಅಪ್ಪಚ್ಚಿ, ನನ್ನ ಅಪ್ಪನ ಕೊನೆಯ ತಮ್ಮ, 2004ರ ಜುಲೈ ಮಳೆಯಲ್ಲಿ ಮುಂಬೈಯಲ್ಲಿ ಲೋಕಲಿನಿಂದ ಬಿದ್ದು ಹೋದರು. ತರಲು ಹೋದವರು ದೊಡ್ಡಪ್ಪ. ಹನ್ನೆರಡನೇ ದಿನ ಕಳೆದು ನೆಂಟರೆಲ್ಲ ಜಗುಲಿಯಲ್ಲಿ ಕೂತಿದ್ದಾಗ ಅವರೇ ಹೇಳಿದ್ದು: “ಪಾಸು ಸಿಗಲಿಲ್ಲ. ಪಾಸಿಲ್ಲದಿದ್ದರೆ ಏನೂ ಇಲ್ಲವಂತೆ. ಕೋರ್ಟು ಕಚೇರಿ ಅಲೆದು ಮರ್ಯಾದೆ ಕಳೆದುಕೊಳ್ಳುವುದು ಬೇಡ.” ಚಿಕ್ಕಿ, ಅಪ್ಪಚ್ಚಿಯ ಹೆಂಡತಿ, ಒಳಗೆ ಬಾಗಿಲ ಸಂದಿನಲ್ಲಿ ನಿಂತಿದ್ದರು. ಮಗ ಆಗ ಒಂದನೇ ತರಗತಿ. ಆಮೇಲೆ ಅವರು ಹಪ್ಪಳ ಲಟ್ಟಿಸಿ, ಅಡಿಕೆ ಸುಲಿದು ಅವನನ್ನು ಓದಿಸಿದರು.

ಚಿಕ್ಕಿ ಗುಂಪಿನಲ್ಲಿದ್ದಾರೆಂಬುದೇ ಹಲವರಿಗೆ ಮರೆತಿತ್ತು. ಎಂಟೂಮುಕ್ಕಾಲಿಗೆ ಅವರ ಹೆಸರಿನಲ್ಲಿ ಒಂದು ಫೋಟೊ ಬಂತು. ಮಾಸಿದ ಪ್ಲಾಸ್ಟಿಕ್ ಕವರಿನೊಳಗೆ ಗುರುತಿನ ಚೀಟಿ, ಅದರ ಹಿಂದೆ ಮಡಚಿಟ್ಟ ಪಾಸು. ನೀರು ತಾಗಿ ನೀಲಿ ಶಾಯಿ ಹರಡಿದೆ. ಅಪ್ಪಚ್ಚಿಯ ಮುಖದ ಅರ್ಧ ಬಿಳಿಚಿಕೊಂಡಿದೆ, ಆ ದಪ್ಪ ಹುಬ್ಬು ಮಾತ್ರ ಹಾಗೇ. ಪಾಸಿನ ಮೇಲೆ ಜುಲೈ ಕೊನೆಯ ತಾರೀಕು ಓದಲು ಬರುತ್ತದೆ.

ಕೆಳಗೆ ಎರಡು ಸಾಲು: “ಇದು ಆ ವರ್ಷ ದೀಪಾವಳಿಗೆ ಮನೆ ಗುಡಿಸುವಾಗ ಸಿಕ್ಕಿದ್ದು. ಬ್ಯಾಗಿನ ಒಳಖಾನೆಯಲ್ಲಿ ಇತ್ತು. ದೊಡ್ಡ ಭಾವ ಅವತ್ತು ಜಗುಲಿಯಲ್ಲಿ ಹೇಳಿದ ಮೇಲೆ ಮುಗೀತು ಅಂದ್ಕಂಡು ಯಾರಿಗೂ ತೋರಿಸಲಿಲ್ಲೆ.”

ಜುಲೈಯಿಂದ ದೀಪಾವಳಿಗೆ ನಾಲ್ಕೇ ತಿಂಗಳು. ಅರ್ಜಿ ಹಾಕಲು ಇನ್ನೂ ಎಂಟು ತಿಂಗಳು ಬಾಕಿ ಇತ್ತು. ನಾನು ಬೆರಳಲ್ಲಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.

ಯಾರೂ ಕೈಮುಗಿದ ಗುರುತು ಹಾಕಲಿಲ್ಲ. ಅಣ್ಣ ಮೂಲ ಕೇಳಲಿಲ್ಲ. ಒಂಬತ್ತೂಕಾಲರವರೆಗೆ ‘ದೊಡ್ಡಪ್ಪ ಬರೆಯುತ್ತಿದ್ದಾರೆ’ ಎಂದು ಕಾಣುವುದು, ಹೋಗುವುದು, ಮತ್ತೆ ಕಾಣುವುದು. ಕೊನೆಗೆ ಬಂತು:

“ಅಲ್ಲಿ ಕಿಟಕಿಯಲ್ಲಿ ಕೂತಿದ್ದ ಒಬ್ಬ ಹೇಳಿದ. ನಾನು ಅದನ್ನು ತಂದು ಇಲ್ಲಿ ಹೇಳಿದೆ. ವಿಚಾರಿಸಬೇಕಿತ್ತು. ನಾಳೆ ನಿನ್ನ ಮನೆಗೆ ಬರುತ್ತೇನೆ.”

ಈ ಸಲ ಪೂರ್ಣವಿರಾಮ ಎಲ್ಲ ಇದ್ದವು, ಗಾದೆ ಇರಲಿಲ್ಲ.

ಚಿಕ್ಕಿ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಮಗಳನ್ನು ಕೇಳಿದರು, “ಕೂಸೆ, ನಿನ್ನ ಪಾಸು ಎಲ್ಲಿ ಇಟ್ಗತ್ತೆ?”

“ಮೊಬೈಲಿನಲ್ಲೇ ಇದೆ ಸಣ್ಣಜ್ಜಿ. ಈಗ ಎಲ್ಲ ಆ್ಯಪ್.”

“ಮೊಬೈಲು ಬಿದ್ದು ಒಡೆದರೆ?”

ನಮ್ಮಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಮಗಳು ಪಾಸಿನ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೇ ಹಾಕಿದಳು. ಹತ್ತು ನಿಮಿಷ ಬಿಟ್ಟು ಚಿಕ್ಕಿಯಿಂದ ಇನ್ನೊಂದು ಫೋಟೊ ಬಂತು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಹಿಂಬದಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಮಗಳ ಹೆಸರು, ಪಾಸಿನ ನಂಬರು, ಮುಗಿಯುವ ತಾರೀಕು.

“ಬರದಿಟ್ಟಿದ್ದಿ. ಹೊಸದು ಮಾಡಿಸಿದಾಗಲೂ ಕಳಿಸು.”