ಫೈರ್‌ಪವರ್ ಪಿನ್‌ಬಾಲ್ (1980): ಸ್ಪೀಕರಲ್ಲಿ ಬರೀ ಗುಂಯ್ ಅನ್ನುತ್ತೆ, ಆಟದ ಸೌಂಡೇ ಇಲ್ಲ

ಶಿಕಾಗೋ_ಮೈಸೂರ್

ಎಲ್ರಿಗೂ ನಮಸ್ಕಾರ. ನಾನಿರೋದು ಶಿಕಾಗೋ ಹತ್ರ, ಹಳೇ ಪಿನ್‌ಬಾಲ್ (ಫ್ಲಿಪ್ಪರಲ್ಲಿ ಗುಂಡು ಹೊಡೆದು ಆಡೋ) ಮೆಷಿನ್‌ಗಳು ಬಹುಪಾಲು ತಯಾರಾಗ್ತಿದ್ದಿದ್ದೇ ಈ ಊರಲ್ಲಿ, ಹಂಗಾಗಿ ಇಲ್ಲಿ ಯಾರ್ಯಾರದೋ ಬೇಸ್‌ಮೆಂಟಲ್ಲಿ ಬಿದ್ದಿರೋವು ಆಗಾಗ ಸಿಗ್ತಾವೆ. ಈಗ ಒಂದು ವಿಲಿಯಮ್ಸ್ ಕಂಪನಿಯ ಫೈರ್‌ಪವರ್ ತಗೊಂಡಿದೀನಿ, 1980ರದ್ದು, ಸಿಸ್ಟಮ್ 6 (ಅವರ ಒಂದು ಬೋರ್ಡ್ ಸೆಟ್ಟು), ಮಾತಾಡೋ ಮೆಷಿನ್ನು. ಲೈಟು, ಫ್ಲಿಪ್ಪರು, ಡಿಸ್‌ಪ್ಲೇ ಎಲ್ಲಾ ಚೆನ್ನಾಗಿದೆ, ಮಲ್ಟಿಬಾಲೂ (ಒಟ್ಟಿಗೇ ಹಲವು ಗುಂಡು) ಬರುತ್ತೆ, ಆದ್ರೆ ಆನ್ ಮಾಡಿದ ತಕ್ಷಣ ಸ್ಪೀಕರಲ್ಲಿ ಗುಂಯ್ ಅಂತ ಶುರುವಾಗುತ್ತೆ, ಅದು ಬಿಟ್ರೆ ಇನ್ನೇನೂ ಇಲ್ಲ. ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಗುಂಯ್ ಅಷ್ಟೇ ಇರುತ್ತೆ. ಮಾರಿದೋರು "ಫ್ಯೂಸ್ ಇರ್ಬೇಕು" ಅಂದ್ರು, ಫ್ಯೂಸೆಲ್ಲಾ ನೋಡ್ದೆ, ಸರಿಯಾಗೇ ಇವೆ. ನನ್ಹತ್ರ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಬರುತ್ತೆ, ಆಸಿಲೋಸ್ಕೋಪ್ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಗ್ಯಾಜೆಟ್_ಗಿರಿ

ಹೊಸ ರಿಪ್ಲೇಸ್‌ಮೆಂಟ್ ಸೌಂಡ್ ಬೋರ್ಡ್ ಸಿಗುತ್ತಲ್ಲ ಗುರೂ, ಹಾಕಿ ಆಡ್ಕೊಂಡಿರಿ. 40 ವರ್ಷದ ಬೋರ್ಡ್ ಕೆದಕ್ತಾ ಕೂತ್ರೆ ಇವತ್ತು ಒಂದು ನಾಳೆ ಇನ್ನೊಂದು.

ಪಿನ್‌ಬಾಲ್_ಪಾಪಣ್ಣ

ಗಿರಿ ಹೇಳೋದೂ ಒಂದು ದಾರಿನೇ, ಆದ್ರೆ ಈ ಬೋರ್ಡ್ ಅಷ್ಟು ಬೇಗ ಬಿಸಾಕೋ ಅಂಥದ್ದಲ್ಲ. 6802 ಸಿಪಿಯು, ಒಂದು 2716 ರಾಮ್ (ROM, ಅಂದ್ರೆ ಬರೀ 2 ಕೆಬಿ ಪ್ರೋಗ್ರಾಮು), ಒಂದು 6821 ಪಿಐಎ (ಹೊರಗಿನ ಸಿಗ್ನಲ್ ತಗೊಳೋ ಚಿಪ್ಪು), ಒಂದು 1408 ಡಿಎಸಿ (ಅಂಕಿನ ಸೌಂಡ್ ಸಿಗ್ನಲ್ ಮಾಡೋದು), ಕೊನೇಲಿ ಟಿಡಿಎ2002 ಆಂಪ್ಲಿಫೈಯರ್, ಇಷ್ಟೇ. ಆಮೇಲೆ ಬಂದ ಡಿಫೆಂಡರ್ ವಿಡಿಯೋ ಗೇಮಿನ ಸೌಂಡಿಗೂ ಹೆಚ್ಚುಕಮ್ಮಿ ಇದೇ ಸರ್ಕ್ಯೂಟು. ಎಲ್ಲಾ ಚಿಪ್ಪೂ ಇವತ್ತಿಗೂ ಸಿಗ್ತಾವೆ.

ಮೊದ್ಲು ಒಂದ್ ಮಾತು ಸಾರ್, ಮೇಲಿನ ಬ್ಯಾಕ್‌ಬಾಕ್ಸಲ್ಲೇ ಡಿಸ್‌ಪ್ಲೇಗೆ ಹೋಗೋ ಪ್ಲಸ್ 100, ಮೈನಸ್ 100 ವೋಲ್ಟ್ ಓಡಾಡುತ್ತೆ. ಕನೆಕ್ಟರ್ ಕೀಳೋಕೆ ಮುಂಚೆ ಪ್ಲಗ್ಗೇ ತೆಗೀರಿ, ಸ್ವಿಚ್ ಆಫ್ ಮಾಡಿದ್ರೆ ಸಾಕು ಅನ್ಕೋಬೇಡಿ.

ವಾಲ್ಯೂಮ್ ತಿರುಗಿಸಿದ್ರೂ ಗುಂಯ್ ಬದಲಾಗಲ್ಲ ಅಂದ್ರಲ್ಲ, ಅದು ಒಳ್ಳೇ ಸುಳಿವು. ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲಿನ ಭಾಗದ್ದೇ ತೊಂದ್ರೆ ಅದು, ಅಂದ್ರೆ ಆಂಪ್ಲಿಫೈಯರ್ ಇಲ್ಲಾ ಅದಕ್ಕೆ ಬರೋ ಸಪ್ಲೈ. ಈ ಬೋರ್ಡಿಗೆ ಟ್ರಾನ್ಸ್‌ಫಾರ್ಮರಿಂದ ಎಸಿನೇ ಬಂದು ಇಲ್ಲೇ ಡಿಸಿ ಆಗೋದು, ದಪ್ಪ ಫಿಲ್ಟರ್ ಕೆಪಾಸಿಟರ್‌ಗಳು ಅದಕ್ಕೇ ಇರೋದು, ಅವು ಒರಿಜಿನಲ್ಲೇ ಆಗಿದ್ರೆ ಇಷ್ಟೊತ್ತಿಗೆ ಒಣಗಿರ್ತಾವೆ. ಮೀಟರ್ ಎಸಿಗೆ ಇಟ್ಟು ಅದರ ಎರಡೂ ಕಾಲಿಗೆ ಹಿಡೀರಿ, ಒಂದು ವೋಲ್ಟ್ ಮೇಲೆ ತೋರಿಸಿದ್ರೆ ಕಥೆ ಮುಗೀತು. ಇನ್ನೊಂದು, ಫೋನಲ್ಲಿ ಸ್ಪೆಕ್ಟ್ರಮ್ ಆ್ಯಪ್ ಹಾಕಿ ಸ್ಪೀಕರ್ ಮುಂದೆ ಹಿಡೀರಿ: 120 ಹರ್ಟ್ಸ್ ಬಂದ್ರೆ ಫಿಲ್ಟರ್ ಕೆಪಾಸಿಟರ್, 60 ಬಂದ್ರೆ ಡಯೋಡ್ ಒಂದು ಹೋಗಿರಬಹುದು ಇಲ್ಲಾ ಗ್ರೌಂಡ್ ಸರಿಯಿಲ್ಲ.

ಅದಾದ್ಮೇಲೆ ಬೋರ್ಡ್ ಮೇಲೆ ಒಂದು ಸಣ್ಣ ಬಟನ್ ಇದೆ ನೋಡಿ, ಅದನ್ನ ಒತ್ತಿ. ಅದು ಸಿಪಿಯುನ ಎನ್‌ಎಂಐ (ಮಾಡ್ತಿರೋ ಕೆಲ್ಸ ಬಿಡಿಸೋ) ಪಿನ್ನಿಗೆ ಹೋಗುತ್ತೆ. ಒತ್ತಿದಾಗ ಸಿಪಿಯು ರಾಮಲ್ಲಿರೋ ಅಂಕಿಗಳನ್ನ ಕೂಡಿ ಚೆಕ್‌ಸಮ್ (ಮೊತ್ತ ಸರಿಯಿದೆಯಾ ಅಂತ) ನೋಡುತ್ತೆ, ಸರಿಯಿದ್ರೆ ಸೌಂಡ್ ಬರುತ್ತೆ, ತಪ್ಪಿದ್ರೆ ಸುಮ್ನೆ ನಿಂತ್ಬಿಡುತ್ತೆ. ಈ ಬಟನ್ನಿಗೆ ಸೌಂಡ್ ಬಂತು ಅಂದ್ರೆ ಸಿಪಿಯು, ರಾಮ್, ಡಿಎಸಿ, ಆಂಪ್ಲಿಫೈಯರ್ ಎಲ್ಲಾ ಪಾಸು, ಸುಮ್ಸುಮ್ನೆ ಚಿಪ್ ಕೀಳೋ ಕೆಲ್ಸ ಇಲ್ಲ.

ಎಸ್‌ಪಿ_ರೋಡ್_ಸೀನ

ಪಿನ್‌ಬಾಲ್ ಮೆಷಿನ್ ನಾನು ಮುಟ್ಟಿ ನೋಡಿಲ್ಲ ಆದ್ರೆ ಟಿಡಿಎ2002 ಬಗ್ಗೆ ಹೇಳಬಲ್ಲೆ, ನಮ್ ಬೆಂಗ್ಳೂರಲ್ಲಿ ಅಸೆಂಬಲ್ ಮಾಡೋ ಟೇಪ್ ಸೆಟ್ಟು, ಕಾರ್ ಸ್ಟೀರಿಯೋಗೆಲ್ಲ ಅದರ ತಮ್ಮ ಟಿಡಿಎ2003ನ ಎಷ್ಟೋ ಹಾಕಿದೀವಿ, ಐದು ಕಾಲೂ ಅದೇ ಜಾಗ, ನೇರ ಕೂತ್ಕೊಳುತ್ತೆ. 5ನೇ ಪಿನ್ ಸಪ್ಲೈ, 3ನೇದು ಗ್ರೌಂಡು, 4ನೇದು ಔಟ್‌ಪುಟ್ಟು. ಡಿಸಿಗೆ ಮೀಟರಿಟ್ಟು 4ನೇದು ನೋಡಿ, 5ರಲ್ಲಿರೋ ವೋಲ್ಟೇಜಿನ ಹತ್ರ ಹತ್ರ ಅರ್ಧ ಇರ್ಬೇಕು. ಪೂರ್ತಿ ಸಪ್ಲೈನೇ ಬರ್ತಿದ್ರೆ ಅಥವಾ ಸೊನ್ನೆ ಇದ್ರೆ ಐಸಿ ಸತ್ತಿದೆ. ಅರ್ಧ ಇದ್ರೆ ಸಣ್ಣ ಸ್ಕ್ರೂಡ್ರೈವರ್ ತುದೀಲಿ 1ನೇ ಪಿನ್ ಮುಟ್ಟಿ, ಕಬ್ಬಿಣ ಬೆರಳಿಗೆ ತಾಗಿರ್ಲಿ, ಸ್ಪೀಕರಲ್ಲಿ ಬರ್ರ್ ಅನ್ನುತ್ತೆ. ಅಂದ್ರೆ ಆಂಪು ಸ್ಪೀಕರು ಎರಡೂ ಬದುಕಿವೆ. ಐಸಿ ತೆಗೀವಾಗ ಮಾತ್ರ ಇಡೀದಾಗಿ ಎಳೀಬೇಡಿ, ಕಾಲು ಕತ್ತರಿಸಿ ಒಂದೊಂದೇ ಬಿಸಿ ಮಾಡಿ ತೆಗೀರಿ, ಹಳೇ ಬೋರ್ಡಲ್ಲಿ ತಾಮ್ರದ ಪಟ್ಟಿ ಎದ್ದು ಬಂದ್ಬಿಡುತ್ತೆ.

ಶಿಕಾಗೋ_ಮೈಸೂರ್

ಇಬ್ರಿಗೂ ಥ್ಯಾಂಕ್ಸ್. ಫೋನಲ್ಲಿ 120 ಬಂತು, ಕೆಪಾಸಿಟರ್ ಮೇಲೆ ಎಸಿನೂ ಸಿಕ್ಕಾಪಟ್ಟೆ ಇತ್ತು. ಎರಡು ದಪ್ಪವೂ ಬದಲಾಯ್ಸಿದೆ, ಗುಂಯ್ ಹೋಯ್ತು, ಸೀನ ಅವ್ರು ಹೇಳಿದ್ ಹಂಗೆ 4ನೇ ಪಿನ್ನಲ್ಲಿ ಅರ್ಧ ವೋಲ್ಟೇಜ್ ಇದೆ. ಬಟನ್ ಒತ್ತಿದ್ರೆ ಮೊದ್ಲು ಏನೂ ಬರ್ಲಿಲ್ಲ, ಆಮೇಲೆ ರಾಮ್ ಇರೋ ಕಂದು ಬಣ್ಣದ ಸಾಕೆಟ್ಟನ್ನ ಬೆರಳಲ್ಲಿ ಒತ್ತಿ ಹಿಡಿದ್ರೆ ಸೌಂಡ್ ಬರುತ್ತೆ, ಬಿಟ್ರೆ ಹೋಗುತ್ತೆ! ಸಾಕೆಟ್ ಬದಲಾಯ್ಸಿದ್ಮೇಲೆ ಬಟನ್ನಿಗೆ ಪ್ರತೀ ಸಲಾನೂ ಬರ್ತಿದೆ. ಆದ್ರೆ ಆಟದಲ್ಲಿ ಕೆಲವು ಸೌಂಡು ಅದಲು ಬದಲು ಬರ್ತಾವೆ, ಕೆಲವು ಬರೋದೇ ಇಲ್ಲ. ಈಗ ಪಿಐಎ ಹೋಗಿರಬಹುದಾ?

ಗ್ಯಾಜೆಟ್_ಗಿರಿ

ಹೊಸ ಬೋರ್ಡ್ ಅಂತ ನಾನೇನೂ ಹೇಳ್ಲಿಲ್ಲಪ್ಪ 😄

ಪಿನ್‌ಬಾಲ್_ಪಾಪಣ್ಣ

ಆ ಕಂದು ಸಾಕೆಟ್ ಇರೋ ಬೋರ್ಡ್ ನೋಡಿದ್ರೆ ನಾನು ಟೆಸ್ಟ್ ಮಾಡೋಕೂ ಹೋಗಲ್ಲ, ಮೊದ್ಲು ಅದನ್ನೇ ಕೀಳ್ತೀನಿ. ನಿಮಗೆ ಸುಲಭದಲ್ಲಿ ಸಿಕ್ತು.

ಪಿಐಎ ಮುಟ್ಟಬೇಡಿ ಇನ್ನೂ. ಯಾವ ಸೌಂಡ್ ಆಡ್ಬೇಕು ಅಂತ ಮೇನ್ ಸಿಪಿಯು ಸೌಂಡ್ ಬೋರ್ಡಿಗೆ ಐದು ವೈರಲ್ಲಿ ಹೇಳುತ್ತೆ, ಅವು ಡ್ರೈವರ್ ಬೋರ್ಡಿನ ಸಾಲನಾಯ್ಡ್ (ಕರೆಂಟ್ ಕೊಟ್ರೆ ಎಳೆಯೋ ಕಾಯಿಲ್) ಲೈನುಗಳೇ, 9ರಿಂದ 13. ಐದು ವೈರಿಗೆ 1, 2, 4, 8, 16 ಅಂತ ಬೆಲೆ ಇಟ್ಕೊಳಿ. ಈಗ 4ರ ವೈರ್ ಕಟ್ಟಾಗಿದೆ ಅನ್ಕೊಳಿ, ಆಟ 5ನೇ ಸೌಂಡ್ ಕೇಳಿದ್ರೆ ಬೋರ್ಡಿಗೆ 1 ಅಂತ ಕೇಳ್ಸುತ್ತೆ, 7 ಕೇಳಿದ್ರೆ 3, ಬರೀ 4 ಕೇಳಿದ್ರೆ ಏನೂ ಇಲ್ಲ. ನೀವು ಹೇಳ್ತಿರೋದು ಪಕ್ಕಾ ಇದೇ.

ಕಾಯಿನ್ ಡೋರ್ ಬಟನ್ನಿಂದ ಸಾಲನಾಯ್ಡ್ ಟೆಸ್ಟಿಗೆ ಹೋಗಿ, 09 ಬಂದಾಗಿಂದ 13ರ ವರೆಗೂ ಒಂದೊಂದಕ್ಕೂ ಸೌಂಡ್ ಬರ್ಬೇಕು. ಯಾವುದು ಸುಮ್ನಿರುತ್ತೋ ಅದೇ ಕಳ್ಳ. ಆ ಲೈನಿನ ಪಿನ್ನನ್ನ ಸೌಂಡ್ ಬೋರ್ಡ್ ಕಡೆ ಕ್ಲಿಪ್ ವೈರಲ್ಲಿ ಒಂದ್ ಕ್ಷಣ ಗ್ರೌಂಡಿಗೆ ಮುಟ್ಟಿಸಿ, ಸೌಂಡ್ ಬಂದ್ರೆ ಈ ಬೋರ್ಡಿಂದೇನೂ ತಪ್ಪಿಲ್ಲ, ವೈರು, ಕನೆಕ್ಟರು, ಡ್ರೈವರ್ ಬೋರ್ಡ್ ಟ್ರಾನ್ಸಿಸ್ಟರು ಈ ಮೂರರಲ್ಲಿ ಒಂದು. ಬರದೇ ಇದ್ರೆ ಆಗ ಪಿಐಎ ಮಾತಾಡಣ.

ಶಿಕಾಗೋ_ಮೈಸೂರ್

11 ಸುಮ್ನಿತ್ತು. ಗ್ರೌಂಡಿಗೆ ಮುಟ್ಟಿಸಿದ್ರೆ ಸೌಂಡ್ ಬಂತು. ಡ್ರೈವರ್ ಬೋರ್ಡ್ ತೆಗೆದು ಹಿಂದೆ ನೋಡಿದ್ರೆ ಕನೆಕ್ಟರ್ ಪಿನ್ನಿನ ಬುಡದಲ್ಲಿ ಸೋಲ್ಡರ್ ಸುತ್ತಾ ಉಂಗುರದ ಥರ ಬಿರುಕು ಬಿಟ್ಟಿದೆ, ಬರೀ ಕಣ್ಣಿಗೆ ಕಾಣಲ್ಲ, ಲೆನ್ಸಲ್ಲಿ ಕಾಣ್ತು. ಆ ಸಾಲಿನ ಪಿನ್ನೆಲ್ಲಾ ಹೊಸ ಸೋಲ್ಡರ್ ಹಾಕಿದೆ, ಈಗ ಸೌಂಡೆಲ್ಲಾ ಸರಿಯಾಗಿ ಬರ್ತಿದೆ. ಇನ್ನೊಂದೇ ಬಾಕಿ, ಮಾತು ಮಾತ್ರ ಗೊಗ್ಗರು ಗೊಗ್ಗರಾಗಿ ಬರುತ್ತೆ, ಒಂದೊಂದ್ಸಲ ಮಾತಾಡೋಕೆ ಹೋಗಿ ಪೂರ್ತಿ ಸೌಂಡೇ ನಿಂತ್ಹೋಗುತ್ತೆ. ಸ್ಪೀಚ್ ಬೋರ್ಡ್ ತೆಗೆದಿಟ್ಟು ನೋಡ್ಲಾ?

ಪಿನ್‌ಬಾಲ್_ಪಾಪಣ್ಣ

ತೆಗೀಬಹುದು, ಆದ್ರೆ ತೆಗೆದ್ರೆ ಸೌಂಡ್ ಬೋರ್ಡಲ್ಲಿ ಡಬ್ಲ್ಯೂ1 ಅನ್ನೋ ಜಂಪರ್ ಹಾಕ್ಬೇಕು, ಇಲ್ದಿದ್ರೆ ಆಡಿಯೋ ದಾರಿನೇ ಕಟ್ಟು, ಇದು ಗೊತ್ತಿಲ್ದೆ ಚೆನ್ನಾಗಿರೋ ಬೋರ್ಡನ್ನ ಸತ್ತಿದೆ ಅಂತ ಮಾರಿದೋರೂ ಇದಾರೆ. ಅದಕ್ಕಿಂತ ಮೊದ್ಲು ಎರಡು ಬೋರ್ಡಿನ ಮಧ್ಯ ಇರೋ ರಿಬ್ಬನ್ ಕೇಬಲ್ ಅನುಮಾನಿಸಿ. ಸ್ಪೀಚ್ ಬೋರ್ಡಲ್ಲಿ ಸಿಪಿಯು ಇಲ್ಲ, ಸೌಂಡ್ ಬೋರ್ಡಿನ 6802ನೇ ಆ ಕೇಬಲ್ ಮೂಲಕ ಮಾತಿನ ರಾಮ್ ಓದಿ ಮಾತು ಹೊರಡಿಸೋ ಎಚ್‌ಸಿ-55516 ಚಿಪ್ಪಿಗೆ ಒಂದೊಂದೇ ಬಿಟ್ ತಳ್ಳುತ್ತೆ. ಕೇಬಲಲ್ಲಿ ಒಂದೇ ಎಳೆ ಕೈಕೊಟ್ರೂ ಗೊಗ್ಗರು, ಕೆಟ್ಟ ಗ್ರಹಚಾರ ಇದ್ರೆ ಸಿಪಿಯುನೇ ದಾರಿ ತಪ್ಪುತ್ತೆ, ನೀವು ನಿಂತ್ಹೋಗುತ್ತೆ ಅಂದಿದ್ದು ಅದೇ. ಹೊಸ ಕೇಬಲ್ ಮಾಡ್ಸಿ, ಅಲ್ಲೂ ಕಂದು ಸಾಕೆಟ್ ಇದ್ರೆ ಕಿತ್ತಾಕಿ. ಆಮೇಲೂ ಹಂಗೇ ಇದ್ರೆ 55516.

ಶಿಕಾಗೋ_ಮೈಸೂರ್

ಇದೆ ಇದೆ, ಅಲ್ಲೂ ಅದೇ ಸಾಕೆಟ್ಟು. ಕೇಬಲ್ ಆರ್ಡರ್ ಮಾಡಿದೀನಿ, ವೀಕೆಂಡಲ್ಲಿ ಸಾಕೆಟ್ ಕೆಲ್ಸ.