ವೈನಿಯ ಕೈ ಬಾತಿದ್ದಕ್ಕೆ ಅತ್ತಿಯ ಉತ್ತರ

ಯವ್ವಾ, ನಿನ್ನ ಮೆಸೇಜು ಈಗ ನೋಡಿದೆ. "ಅವ್ವನ ಬಲಗೈ ಬಾತಿದೆ, ಉಂಗುರ ಹೊರಗೆ ಬರುತ್ತಿಲ್ಲ, ಆ ರೋಗ ಮತ್ತೆ ಬಂತಾ ಅತ್ತಿ, ಎಣ್ಣೆ ಹಚ್ಚಿ ತಿಕ್ಕಲಾ" ಅಂತ ಕೇಳಿದ್ದೀಯ. ಅದರ ಕೆಳಗೆ ಒಬ್ಬರು ವಾಯು ಅಂತಾರೆ, ಇನ್ನೊಬ್ಬರು ಅರಿಶಿನ ಪಟ್ಟು ಹಾಕು ಅಂತಾರೆ. ಸ್ವಲ್ಪ ಎಲ್ಲರೂ ನಿಲ್ಲಿಸಿ. ಅಣ್ಣಾ, ನೀನೂ ಕೇಳು, ವೈನಿಗೂ ಸ್ಪೀಕರ್ ಹಾಕಿ ಕೇಳಿಸು.

ನಮ್ಮಿಬ್ಬರಿಗೂ ಆಗಿದ್ದು ಸ್ತನ ಕ್ಯಾನ್ಸರ್. ವೈನಿಯದು ಬಲಗಡೆ ಆಪರೇಷನ್, ನನ್ನದು ಎಡಗಡೆ. ಇಬ್ಬರಿಗೂ ಕಂಕುಳಿನ ಗಂಟುಗಳನ್ನು ತೆಗೆದಿದ್ದಾರೆ. ನಿಮಗೆಲ್ಲ ಗೊತ್ತಿರುವುದೇ. ಲಿಂಫ್ ನೋಡ್ ಅನ್ನುವ ಆ ಗಂಟುಗಳು ಎಲ್ಲರಿಗೂ ಇರುತ್ತವೆ, ಕೈಗೆ ಬಸಿಗಾಲುವೆ ಇದ್ದ ಹಾಗೆ. ನಿಮ್ಮ ಶಹಾಪುರದ ಕಡೆ ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಹಾಗೇ ಕೈಯಲ್ಲೂ ನೀರು ನಿಲ್ಲುತ್ತದೆ. ಲಿಂಫೆಡಿಮಾ ಅಂತಾರೆ. ಕೆಲವರಿಗೆ ಆಪರೇಷನ್ ಆದ ತಿಂಗಳಲ್ಲೇ ಬರುತ್ತದೆ, ಕೆಲವರಿಗೆ ಎಷ್ಟೋ ವರ್ಷ ಬಿಟ್ಟು. ಇಂಥ ಕೈಯಲ್ಲಿ ಒಂದು ಸಣ್ಣ ಗಾಯ ಆದರೂ ನಂಜು ಬೇಗ ಏರುತ್ತದೆ. ನನಗೆ ಆದದ್ದು ಅದೇ.

ಆಪರೇಷನ್ ಆದ ಮರುವರ್ಷ, ನಮ್ಮೂರ ಶರಣಬಸವೇಶ್ವರ ಅಪ್ಪನ ಜಾತ್ರೆ. ಮನೆ ತುಂಬ ಮಂದಿ. ಬೀದರಿನಿಂದ ಕಾಕಾನ ಮನೆಯವರು, ಆಳಂದದಿಂದ ಬೀಗರು. ನಾನು ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಮೇಲೆ ನೀರು ಸವರುವಾಗ ಎಡಗೈ ಬೆರಳು ಹಂಚಿಗೆ ತಾಗಿತು. ಕಡಲೆ ಕಾಳಿನಷ್ಟು ಬೊಬ್ಬೆ. 32 ವರ್ಷ ನರ್ಸ್ ಆಗಿದ್ದವಳು ನಾನು. ಎಷ್ಟು ಮಂದಿಯ ಗಾಯ ತೊಳೆದು ಕಟ್ಟಿದ್ದೇನೆ. ನನ್ನದಕ್ಕೆ ಮಾತ್ರ ಅರಿಶಿನ ಹಚ್ಚಿ ಮತ್ತೆ ರೊಟ್ಟಿಗೆ ಕೂತೆ. ಮರುದಿನ ಬೊಬ್ಬೆ ಒಡೆಯಿತು. ಅದೇ ಕೈಯಲ್ಲಿ ಪಾತ್ರೆ ತಿಕ್ಕಿದೆ. ರಾತ್ರಿ ಎಂಟಕ್ಕೆ ಕೈ ಬಿಸಿ. ಹತ್ತಕ್ಕೆ ನಡುಕ. ಕಲಬುರಗಿಯ ಬ್ಯಾಸಿಗೆಯಲ್ಲಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಮೊಣಕೈ ತನಕ ಕೆಂಪು. ದವಾಖಾನೆಗೆ ಹೋಗೋಣ ನಡಿ ಅಂತ ನಿಮ್ಮ ಮಾಮಾ ಎಷ್ಟು ಸಲ ಅಂದರು. ಮನೆಯಲ್ಲಿ ಮಂದಿ ಇದ್ದಾರೆ, ಬೆಳಗಾಗಲಿ ಅಂದವಳು ನಾನೇ. ನಾಲ್ಕು ಗಂಟೆಗೆ ಕೆಂಪು ಕಂಕುಳ ತನಕ ಏರಿತ್ತು, ನನ್ನ ಮಾತು ತೊದಲುತ್ತಿತ್ತು. 6 ದಿನ ಸಲೈನ್ ಹಾಕಿ ಆಂಟಿಬಯೋಟಿಕ್ ಕೊಟ್ಟರು. ಜೀವ ಉಳಿಯಿತು, ಕೈ ಮಾತ್ರ ಮೊದಲಿನಂತೆ ಆಗಲಿಲ್ಲ. ಇವತ್ತಿಗೂ ಕುಬಸದ ಎಡ ತೋಳನ್ನು ಬೇರೆ ಅಳತೆಗೆ ಹೊಲಿಸುತ್ತೇನೆ.

ಅದಕ್ಕೇ ಹೇಳುತ್ತೇನೆ, ಆ ಕೈ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂತೋ, ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿ ಆದರೂ ಹೊರಡಿ.

ಇದನ್ನು ನನಗೆ ಆಪರೇಷನ್ ಆಗಿ ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಲಿಲ್ಲ. ನರ್ಸ್ ಅಲ್ವಾ, ಗೊತ್ತಿರುತ್ತದೆ ಅಂದುಕೊಂಡರು. ನಾನು ಹೆರಿಗೆ ವಾರ್ಡಿನವಳು, ನನಗೆ ಎಲ್ಲಿ ಗೊತ್ತಿರಬೇಕು? ಬೇರೆ ಹೆಣ್ಣುಮಕ್ಕಳಿಗಾದರೂ ತಿಳಿಯಲಿ ಅಂತ ಕೂತು ನಾಲ್ಕು ಪುಟ ಬರೆದೆ. ಮೇ 12ಕ್ಕೆ, ನರ್ಸುಗಳ ದಿನಕ್ಕೆ ಬರಲಿ ಅಂತ ಒಂದು ಪತ್ರಿಕೆಗೆ ಕೊಟ್ಟೆ. ಏನು ಮಾಡಿದರು ಗೊತ್ತಾ? ಸ್ತನ ಅನ್ನುವ ಶಬ್ದವನ್ನೇ ತೆಗೆದರು. ಮನೆಮಂದಿ ಓದುವ ಪೇಪರು ಅಂದರು. "ಮಹಿಳೆಯರ ಒಂದು ಸಮಸ್ಯೆ" ಅಂತ ಹಾಕಿದರು. ಕಂಕುಳೂ ಹೋಯಿತು, ಹಂಚಿನ ಕಥೆಯೂ ಹೋಯಿತು. ಉಳಿದದ್ದು ಹಣ್ಣು ತಿನ್ನಿ, ಧೈರ್ಯ ಇರಲಿ ಅನ್ನುವುದು. ಅದನ್ನು ನಾನು ಬರೆದೇ ಇರಲಿಲ್ಲ. ಕೇಳಲು ಹೋದರೆ, ಡಾಕ್ಟರ್ ಹೆಸರಿದ್ದರೆ ಪೂರ್ತಿ ಹಾಕುತ್ತಿದ್ದೆವು, ಸಿಸ್ಟರ್ ಬರೆದದ್ದನ್ನು ಯಾರು ಓದುತ್ತಾರೆ ಅಂದರು. ರಾತ್ರಿ ಪಾಳಿಯಲ್ಲಿ ಪೇಷಂಟ್ ಪಕ್ಕ ನಿಂತವರು ಯಾರು? ಹೆಸರೇ ಹೇಳದ ರೋಗವನ್ನು ಹೆಣ್ಣುಮಕ್ಕಳು ಹೋಗಿ ತೋರಿಸುವುದಾದರೂ ಹೇಗೆ? ವೈನಿ ಆ ಗಡ್ಡೆಯನ್ನು ಏಳು ತಿಂಗಳು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದು ಯಾಕೆ ಅಂತೀರಿ? ಬಾಯಿಬಿಟ್ಟು ಹೇಳಲು ನಾಚಿಕೆ. ಅದು ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಯ್ಯೋ, ನೀನು ಕೇಳಿದ್ದು ಎಣ್ಣೆ ತಿಕ್ಕಲಾ ಅಂತ. ಬೇಡ. ಜೋರಾಗಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ಎರಡೂ ಬೇಡ. ಹೀಗೆ ಬಾತ ಕೈಯನ್ನು ಹಗುರವಾಗಿ ಸವರುವ ಬೇರೆ ರೀತಿ ಇದೆ, ಅದನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಈಗಲೇ ಸೋಪು ಹಚ್ಚಿ ಉಂಗುರ ತೆಗೆ. ಬರದಿದ್ದರೆ ಅಕ್ಕಸಾಲಿಗನ ಹತ್ತಿರ ಕತ್ತರಿಸಿಬಿಡು. ಬಳೆಯನ್ನೂ ತೆಗೆ. ಮುತ್ತೈದೆ ಕೈ ಬರಿದು ಇರಬಾರದು ಅಂತ ವೈನಿ ಒಪ್ಪುವುದಿಲ್ಲ, ನನಗೆ ಗೊತ್ತು. ವೈನಿ, ಎಲ್ಲಾ ಬಳೆ ಎಡಗೈಗೆ ಹಾಕಿಕೊಳ್ಳಿ, ಅಣ್ಣನಿಗೆ ಏನೂ ಆಗುವುದಿಲ್ಲ. ಕೂತಾಗ ಕೈಯನ್ನು ದಿಂಬಿನ ಮೇಲೆ ಎತ್ತಿ ಇಡಿ.

ರೋಗ ಮತ್ತೆ ಬಂತಾ ಅನ್ನುವುದನ್ನು ನಾನು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಬರೀ ಬಸಿಗಾಲುವೆ ಕಟ್ಟಿದ್ದೇ ಇರಬಹುದು. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿಯೂ ಬಾಯುತ್ತದೆ, ಕಂಕುಳಲ್ಲಿ ರೋಗದ ಹೊಸ ಗಡ್ಡೆ ಎದ್ದೂ ಬಾಯುತ್ತದೆ. ಅದಕ್ಕೇ ನಾಳೆಯೇ ತೋರಿಸಿ. ಬೆಂಗಳೂರಿಗೆ ಓಡಬೇಕಿಲ್ಲ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಆಪರೇಷನ್ ಕಾಗದ ಮರೆಯಬೇಡಿ. ಬಿಪಿ ನೋಡುವುದು, ಸೂಜಿ ಚುಚ್ಚುವುದು ಎಡಗೈಗೆ ಅಂತ ನೀವೇ ಮೊದಲು ಹೇಳಿ. ಬಾವು ಇಳಿಯಲು ಕೈಗೆ ಹಾಕುವ ಬಿಗಿ ಬಟ್ಟೆಯ ತೋಳನ್ನು ಅಂಗಡಿಯಲ್ಲಿ ಸುಮ್ನೆ ಕೊಳ್ಳಬೇಡಿ, ಅಳತೆ ತಪ್ಪಿದರೆ ಜಾಸ್ತಿ ಬಾಯುತ್ತದೆ.

ಇನ್ನೊಂದು. ರೋಗ ಮತ್ತೆ ಬಾರದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ಗುಳಿಗೆಯಿಂದ ಬಾತಿದೆ ಅಂತ ನೀವೇ ನಿಲ್ಲಿಸಬೇಡಿ, ಅದು 5 ವರ್ಷದ ಗುಳಿಗೆ, ಕೆಲವರಿಗೆ 10 ವರ್ಷ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಕೂರಿಸುವುದೂ ಬೇಡ. ನಮ್ಮ ಕಾಲದಲ್ಲಿ ಏನೂ ಎತ್ತಬೇಡಿ ಅಂತ ದವಾಖಾನೆಗಳಲ್ಲೇ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದಲ್ಲಿ ಹೀಗೆ ಕೈ ಬಾತಿದ್ದ 141 ಹೆಂಗಸರ ಮೇಲೆ ಒಂದು ವರ್ಷದ ಅಧ್ಯಯನ ಮಾಡಿದರು. ಮೇಲುಸ್ತುವಾರಿಯಲ್ಲಿ ನಿಧಾನವಾಗಿ ಭಾರ ಎತ್ತಿದವರಿಗೆ ಬಾವು ಹೆಚ್ಚಾಗಲಿಲ್ಲ. ವೈನಿ ಏನು ಮಾಡಬಹುದು ಅಂತ ನಾಳೆ ಕೇಳಿ.

ಅಣ್ಣಾ, ಮತ್ತೊಮ್ಮೆ ಹೇಳುತ್ತೇನೆ. ಕೆಂಪು, ಬಿಸಿ, ಚಳಿ ಜ್ವರ. ಇವತ್ತು ರಾತ್ರಿಯೇ ಬಂದರೆ ರಾತ್ರಿಯೇ ಹೊರಡು, ಬೆಳಗಿನ ಬಸ್ಸಿಗೆ ಕಾಯಬೇಡ.

ಯವ್ವಾ, ಹೊಲಿಗೆ ಟೇಪು ಇದೆಯಲ್ಲ ನಿನ್ನ ಹತ್ತಿರ? ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಎರಡೂ ಕೈ ಅಳತೆ ಮಾಡಿ ಚೀಟಿಯಲ್ಲಿ ಬರೆದುಕೊ, ಡಾಕ್ಟರಿಗೆ ತೋರಿಸು. ಈಗ ಕೈ ಬಿಸಿ ಇದೆಯಾ, ಇಲ್ಲವಾ, ಮುಟ್ಟಿ ನೋಡಿ ನನಗೆ ಫೋನ್ ಮಾಡು.